ವೃದ್ಧರ ಸೊಂಟದ ಎಲುಬು ಮುರಿತ: ಕಾರಣಗಳು
ವೃದ್ಧರಲ್ಲಿ ಸೊಂಟದ ಮುರಿತವೆಂದರೆ ತೊಡೆಯೆಲುಬಿನ ಮೇಲ್ತುದಿಯ ಮುರಿತ. ನಿಂತ ನಿಲುವಿನಿಂದ ಪಕ್ಕಕ್ಕೆ ಬಿದ್ದರೂ ಅದು ಸಂಭವಿಸುತ್ತದೆ. ಮುಟ್ಟು ನಿಂತ ಬಳಿಕ ಎಲುಬು ಬೇಗನೆ ಸವೆಯುವುದರಿಂದ ಸ್ತ್ರೀಯರಿಗೆ ಅಪಾಯ ಅಧಿಕ. ಕಣ್ಣಿನ ಪೊರೆ, ನಿದ್ರೆ ಮಾತ್ರೆ, ತಂಬಾಕು ಇದಕ್ಕೆ ಕೂಡುತ್ತವೆ.

ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಂದು ಕಾರಣವೂ ಇದೆ. ಕುಷ್ಟಗಿ, ಯಲಬುರ್ಗಾ ಭಾಗದ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣವು ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಅಂತಹ ನೀರನ್ನು ದೀರ್ಘಕಾಲ ಕುಡಿದವರ ಎಲುಬು ದಪ್ಪವಾಗಿ ಕಂಡರೂ ಪೆಡಸಾಗಿರುತ್ತದೆ. ಕೀಲು ಬಿಗಿದು ನಡಿಗೆ ತಪ್ಪುತ್ತದೆ.

ಮರಳಿಯಾಗಲಿ, ಕುಷ್ಟಗಿಯ ಹಳ್ಳಿಯಾಗಲಿ, ವೃದ್ಧರನ್ನು ಕೆಡಹುವುದು ಬಹುಮಟ್ಟಿಗೆ ಪಾಚಿಗಟ್ಟಿದ ಬಚ್ಚಲು, ಉರಿಯದ ಬೀದಿದೀಪ, ಮುಚ್ಚಳವಿಲ್ಲದ ಚರಂಡಿ. ಕೊನೆಯ ಎರಡು ಪಂಚಾಯತಿಯ ಕೈಯಲ್ಲಿಯೇ ಇವೆ. ಬಿದ್ದವರ ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ ಎಳೆಯದೆ, ತಿಕ್ಕದೆ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.