ಗಾಜಿಗೆ ಬಾಗುವುದು ಗೊತ್ತಿಲ್ಲ

ನಮ್ಮ ಮನೆಯಲ್ಲಿ ಈಗ ಹಿತ್ತಾಳೆ ಪಾತ್ರೆಗಳ ಪಕ್ಕದಲ್ಲೇ ಗಾಜಿನ ಅಡುಗೆ ಪಾತ್ರೆಗಳೂ ಕೂತಿವೆ. ಅವು ಬಂದಾಗಿನಿಂದ ಮೊಮ್ಮಗಳದು ಒಂದೇ ಪ್ರಶ್ನೆ: “ಅಜ್ಜಿ, ಓವನ್ನಿನ ಅಷ್ಟು ಬಿಸಿಗೆ ಒಡೆಯದ ಪಾತ್ರೆ, ಕಟ್ಟೆ ಮೇಲಿಟ್ಟರೆ ಒಡೆಯುತ್ತೆ ಅಂತೀಯಲ್ಲ, ಯಾಕೆ?”

ಕೇಳಬೇಕಾದ ಪ್ರಶ್ನೆಯೇ. ಓವನ್ ಗಾಜು ಬಿಸಿಯನ್ನು ತಡೆಯುತ್ತದೆ. ಒಂದು ಕಡೆ ಬಿಸಿ, ಇನ್ನೊಂದು ಕಡೆ ತಂಪು ಎಂದರೆ ತಡೆಯದು. ಬಿಸಿಯಾದದ್ದು ಹಿಗ್ಗುತ್ತದೆ, ತಣಿದದ್ದು ಕುಗ್ಗುತ್ತದೆ ಎಂದು ಮಕ್ಕಳು ಪಾಠದಲ್ಲಿ ಓದಿರುತ್ತೀರಿ. ಗಾಜಿನಲ್ಲಿ ಶಾಖ ಹರಡುವುದು ಬಲು ನಿಧಾನ. ಓವನ್ನಿಂದ ತೆಗೆದ ಪಾತ್ರೆಯನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲಿಟ್ಟರೆ ತಳ ಥಟ್ಟನೆ ಕುಗ್ಗುತ್ತದೆ, ಮೇಲ್ಭಾಗ ಹಿಗ್ಗಿಯೇ ಇರುತ್ತದೆ. ಸ್ಟೀಲಾದರೆ ಒಂಚೂರು ಬಾಗಿ ಸುಧಾರಿಸಿಕೊಳ್ಳುತ್ತದೆ. ಗಾಜು ಸೀಳಿಬಿಡುತ್ತದೆ.

ಹಿಂದೆ ಅಮೆರಿಕದ ರೈಲ್ವೆ ಲಾಂದ್ರಗಳಿಗೂ ಇದೇ ಕಷ್ಟವಿತ್ತು. ಒಳಗೆ ಉರಿ, ಹೊರಗೆ ಮಳೆ, ಹಿಮ; ಗಾಜು ಬಿರಿಯುತ್ತಿತ್ತು. ಅದಕ್ಕೆಂದು ಕಾರ್ನಿಂಗ್ ಕಂಪನಿ ಕಡಿಮೆ ಹಿಗ್ಗುವ ಗಾಜು ತಯಾರಿಸಿತು. ಅಲ್ಲಿನ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್ 1913ರಲ್ಲಿ ಬ್ಯಾಟರಿ ಜಾಡಿಯ ತಳ ಕೊಯ್ದು ಮನೆಗೆ ತಂದರು. ಹೆಂಡತಿ ಬೆಸ್ಸಿ ಅದರಲ್ಲಿ ಕೇಕ್ ಬೇಯಿಸಿದರು. 1915ಕ್ಕೆ ‘ಪೈರೆಕ್ಸ್’ ಪಾತ್ರೆ ಅಂಗಡಿಗೆ ಬಂತು. (ಅರ್ಧ ಶ್ರೇಯಸ್ಸು ಬೆಸ್ಸಿಯದೇ ಎನ್ನುವುದು ನನ್ನ ವಾದ.) ಬೋರಾನ್ ಬೆರೆತ ಈ ಬೋರೋಸಿಲಿಕೇಟ್ ಗಾಜು ಸಾಮಾನ್ಯ ಗಾಜಿನ ಸುಮಾರು ಮೂರನೇ ಒಂದರಷ್ಟು ಮಾತ್ರ ಹಿಗ್ಗುತ್ತದೆ.

ಅಂಗಡಿಯಲ್ಲಿರುವ ಗಾಜೆಲ್ಲ ಇದೇ ಜಾತಿಯದಲ್ಲ. ಉಪ್ಪಿನಕಾಯಿ ಬಾಟಲಿ ಓವನ್ನಿಗೆ ಹೋಗಬಾರದು. ಪಾತ್ರೆಯ ತಳದಲ್ಲಿ, ಡಬ್ಬದ ಮೇಲೆ ಬರೆದದ್ದನ್ನು ಮೊಮ್ಮಕ್ಕಳಿಂದ ಓದಿಸಿ. ಆ ಇರುವೆಯಂಥ ಅಕ್ಷರ ನಮ್ಮ ಕನ್ನಡಕಕ್ಕೆ ದಕ್ಕುವುದಿಲ್ಲ.

ಒಲೆಯ ಮೇಲೆ ಇಡಬಹುದೆಂದು ಬರೆದಿದ್ದರೆ ಮಾತ್ರ ಉರಿಗೆ ಇಡಿ. ಫ್ರಿಜ್ಜಿನಿಂದ ತೆಗೆದದ್ದನ್ನು ನೇರ ಓವನ್ನಿಗೆ ತಳ್ಳಬೇಡಿ. ಬಿಸಿ ಪಾತ್ರೆಯ ಕೆಳಗೆ ಒಣ ಬಟ್ಟೆಯೋ ಮರದ ಮಣೆಯೋ ಇರಲಿ, ಹಿಡಿಯುವ ಮಸಿಬಟ್ಟೆಯೂ ಒಣಗಿರಲಿ. ಪೂರ್ತಿ ತಣಿಯುವ ತನಕ ನಲ್ಲಿಯ ಕೆಳಗೆ ಒಯ್ಯಬೇಡಿ. ಅಂಟಿದ್ದು ಬಿಡದಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಮೆತ್ತನೆಯ ಸ್ಪಂಜಿನಿಂದ ಉಜ್ಜಿ. ಸ್ಟೀಲ್ ನಾರು ಬೇಡವೇ ಬೇಡ. ಅದು ಗೀರಿದ ಗೆರೆಯಿಂದಲೇ ಮುಂದೊಂದು ದಿನ ಬಿರುಕು ಹೊರಡುತ್ತದೆ. ಅಂಚಿನ ಚಕ್ಕೆ ಹಾರಿದ ಪಾತ್ರೆ, ಎಷ್ಟೇ ದುಡ್ಡು ಕೊಟ್ಟು ತಂದಿರಲಿ, ಅಡುಗೆಗೆ ಬೇಡ.

ಒಡೆದರೆ ಮಕ್ಕಳು ಕೈಹಾಕದೆ ದೊಡ್ಡವರನ್ನು ಕರೆಯಿರಿ. ಚೂರುಗಳನ್ನು ನಾವು ದಪ್ಪನೆಯ ಪೇಪರಿನಲ್ಲಿ ಸುತ್ತುತ್ತೇವೆ. ಮೊಮ್ಮಗಳು ಅದರ ಮೇಲೆ ಕೆಂಪು ಸ್ಕೆಚ್‌ಪೆನ್ನಿನಲ್ಲಿ ‘ಗಾಜು’ ಎಂದು ದೊಡ್ಡದಾಗಿ ಬರೆಯುತ್ತಾಳೆ. ಕಸದ ಗಾಡಿಯ ಅಮ್ಮನಿಗೆ ಅದನ್ನು ಬಾಯಿಬಿಟ್ಟು ಹೇಳಿಯೇ ಕೊಡುತ್ತೇವೆ.