ಲಗಾಮು ಸಡಿಲಾದ ಮೇಲೆ

ಕುದುರೆ ಬೇಲಿ ಹಾರುವಾಗ ಸವಾರ ಹಿಂದಕ್ಕೆ ವಾಲಿ ಲಗಾಮು ಜಗ್ಗಬೇಕು. ಹತ್ತೊಂಬತ್ತನೇ ಶತಮಾನದ ಕೊನೆಯವರೆಗೂ ಯುರೋಪಿನ ಅಶ್ವದಳಗಳಲ್ಲಿ ಹೇಳಿಕೊಡುತ್ತಿದ್ದುದು ಇದನ್ನೇ. ಮುಂಗಾಲುಗಳು ನಾಜೂಕು, ಅವುಗಳ ಮೇಲೆ ಭಾರ ಬೀಳಬಾರದು ಎಂಬುದು ಅದರ ಹಿಂದಿನ ಲೆಕ್ಕ. ಪಾಪ, ಹಾರಿದ ಪ್ರತಿ ಸಲವೂ ಕಡಿವಾಣ ಬಾಯಿ ಕೊಯ್ಯುತ್ತಿತ್ತು, ಸವಾರನ ಮೈಭಾರ ಬೆನ್ನಿಗೆ ಅಪ್ಪಳಿಸುತ್ತಿತ್ತು. ಹೆದರಿ ನಿಂತ ಕುದುರೆಗೆ ‘ಮೊಂಡು’ ಎಂಬ ಹೆಸರು ಬೇರೆ.

ಇಟಲಿಯ ಫೆಡೆರಿಕೊ ಕಾಪ್ರಿಲ್ಲಿ ಎಂಬ ಅಶ್ವದಳದ ಅಧಿಕಾರಿ, ಬೆನ್ನ ಮೇಲೆ ಯಾರೂ ಇಲ್ಲದಾಗ ಕುದುರೆ ಹೇಗೆ ಹಾರುತ್ತದೆ ಎಂದು ನಿಂತು ನೋಡಿದ. ಅದು ಕತ್ತು ಮುಂದಕ್ಕೆ ಚಾಚುತ್ತದೆ, ಮುಂಗಾಲೂರಿಯೇ ಇಳಿಯುತ್ತದೆ. ಹಾಗಾದರೆ ಅಡ್ಡಿಯಾಗಿದ್ದು ಸವಾರನೇ. ಕಾಪ್ರಿಲ್ಲಿ ರಿಕಾಪನ್ನು ಗಿಡ್ಡ ಮಾಡಿದ, ಮುಂದಕ್ಕೆ ಬಾಗಿದ, ಕುದುರೆಯ ಕತ್ತು ಹೋದಲ್ಲಿಗೆ ತನ್ನ ಕೈಯನ್ನೂ ಬಿಟ್ಟ. 1907ರಲ್ಲಿ ಕುದುರೆಯಿಂದ ಬಿದ್ದು ತೀರಿಕೊಂಡಾಗ ಆತನಿಗೆ ನಲವತ್ತೂ ತುಂಬಿರಲಿಲ್ಲ. ಇಂದು ಬೇಲಿ ಹಾರಲು ಕಲಿಯುವ ಪ್ರತಿ ಮಗುವೂ ಕೂರುವುದು ಆತ ತೋರಿಸಿದ ಭಂಗಿಯಲ್ಲೇ.

ಕುದುರೆಯನ್ನು ಹೀಗೆ ಅರಿತುಕೊಳ್ಳುವ ಹೊತ್ತಿಗೆ ಯುದ್ಧಕ್ಕೆ ಅದರ ಅಗತ್ಯವೇ ತೀರುತ್ತ ಬಂದಿತ್ತು. ಮಷೀನ್‌ಗನ್ ಬಂತು, ಟ್ಯಾಂಕ್ ಬಂತು, ಹೊಲಕ್ಕೆ ಟ್ರ್ಯಾಕ್ಟರ್ ಬಂತು. ಲಾಯಗಳು ಬರಿದಾಗಬೇಕಿತ್ತು. ಆಗಲಿಲ್ಲ. ಕೆಲಸವಿಲ್ಲದ ಪ್ರಾಣಿಯನ್ನು ಜನ ಬರೀ ಪ್ರೀತಿಗಾಗಿ ಸಾಕಲು ಮುಂದಾದರು.

ಸೈನ್ಯ ಮಾತ್ರ ಕುದುರೆಯನ್ನು ಸುಲಭಕ್ಕೆ ಬಿಟ್ಟುಕೊಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನ ಡ್ರೆಸಾಜ್‌ನಲ್ಲಿ, ಅಂದರೆ ಕುದುರೆಯನ್ನು ನಾಜೂಕಾಗಿ ನಡೆಸಿ ತೋರಿಸುವ ಸ್ಪರ್ಧೆಯಲ್ಲಿ, ಸ್ವೀಡನ್ ತಂಡ ಚಿನ್ನ ಗೆದ್ದಿತು. ತಂಡದ ಯೆನೆಲ್ ಪರ್ಶನ್ ಅಸಲಿಗೆ ಸಾರ್ಜೆಂಟ್. ಸೈನ್ಯದಿಂದ ಅಧಿಕಾರಿಗಳಷ್ಟೇ ಸ್ಪರ್ಧಿಸಬಹುದಿತ್ತು, ಹಾಗಾಗಿ ಕೂಟದ ಮಟ್ಟಿಗೆ ಅಧಿಕಾರಿಯ ಹುದ್ದೆ ಕೊಟ್ಟು, ಆಮೇಲೆ ಕೆಳಗಿಳಿಸಿದ್ದರು. ಅದು ತಿಳಿದದ್ದೇ ಇಡೀ ತಂಡದ ಪದಕ ಹೋಯಿತು. ಸವಾರಿಯಲ್ಲಿ ಕೊರತೆಯಿರಲಿಲ್ಲ, ಭುಜದ ಪಟ್ಟಿಯಲ್ಲಿತ್ತು! 1952ರ ಹೆಲ್ಸಿಂಕಿ ಒಲಿಂಪಿಕ್ಸ್ ಹೊತ್ತಿಗೆ ನಿಯಮ ಬದಲಾಯಿತು. ಅದೇ ಮೂವರು ಮತ್ತೆ ಚಿನ್ನ ಗೆದ್ದರು. ಹೆಣ್ಣುಮಕ್ಕಳಿಗೂ ಆ ವರ್ಷವೇ ಬಾಗಿಲು ತೆರೆಯಿತು.

ಒಳಗೆ ಬಂದ ನಾಲ್ವರಲ್ಲಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಒಬ್ಬಳು. 1944ರಲ್ಲಿ, ಇಪ್ಪತ್ಮೂರರ ಹರೆಯದಲ್ಲಿ, ಗರ್ಭಿಣಿಯಾಗಿದ್ದಾಗ ಆಕೆಗೆ ಪೋಲಿಯೊ ತಗುಲಿತು. ಮಗು ಆರೋಗ್ಯವಾಗಿ ಹುಟ್ಟಿತು. ಆಕೆಯ ಮೊಣಕಾಲಿನಿಂದ ಕೆಳಕ್ಕೆ ಬಲ ಮರಳಲಿಲ್ಲ. ಡ್ರೆಸಾಜ್‌ನಲ್ಲಿ ಕುದುರೆಯ ಜೊತೆಗಿನ ಮಾತುಕತೆಯೆಲ್ಲ ಬಹುಪಾಲು ಸವಾರನ ಮೀನಖಂಡದ ಒತ್ತಿನಲ್ಲೇ ನಡೆಯುವುದು. ಅದಿಲ್ಲದೆ ಏನು ಮಾಡುವುದು? ತೊಡೆ, ಸೊಂಟ, ಬೆನ್ನಿನ ಅತಿ ಸಣ್ಣ ಚಲನೆಗಳನ್ನೇ ಆಕೆ ಭಾಷೆ ಮಾಡಿಕೊಂಡಳು. ಜುಬಿಲಿ ಎಂಬ ಹೆಣ್ಣು ಕುದುರೆ ಆ ಭಾಷೆ ಕಲಿಯಿತು. ಹೆಲ್ಸಿಂಕಿಯಲ್ಲಿ ಜೀನಿನ ಮೇಲೆ ಹತ್ತಿಸಲೂ ಇಳಿಸಲೂ ಬೇರೆಯವರು ಬೇಕಿತ್ತು. ಅಧಿಕಾರಿಗಳ ನಡುವೆ ಆಕೆ ಬೆಳ್ಳಿ ಗೆದ್ದಳು. ಪದಕದ ಕಟ್ಟೆ ಹತ್ತಲು ಕೈಕೊಟ್ಟವನು ಚಿನ್ನ ಗೆದ್ದಿದ್ದ ಸ್ವೀಡನ್ನಿನ ಆಂರಿ ಸೇಂಟ್ ಸಿರ್. ನಾಲ್ಕು ವರ್ಷದ ಮೇಲೆ ಮತ್ತೊಂದು ಬೆಳ್ಳಿ ಬಂತು.

ಹಾರ್ಟೆಲ್‌ಳನ್ನು ಕಂಡ ಮೇಲೆ ಯುರೋಪಿನಲ್ಲಿ ಅಂಗವಿಕಲರಿಗೆ ಸವಾರಿ ಕಲಿಸುವ ಕೇಂದ್ರಗಳು ಹುಟ್ಟಿಕೊಂಡವು. ಇದರಲ್ಲಿ ಪವಾಡವೇನಿಲ್ಲ. ಕುದುರೆ ಮೆಲ್ಲಗೆ ನಡೆಯುವಾಗ ಸವಾರನ ಸೊಂಟ ಮೇಲೆ-ಕೆಳಗೆ, ಹಿಂದೆ-ಮುಂದೆ, ಅಕ್ಕ-ಪಕ್ಕ ಓಲಾಡುತ್ತದೆ. ನಾವು ನಡೆಯುವಾಗ ಆಗುವುದೂ ಹೆಚ್ಚುಕಡಿಮೆ ಇದೇ. ಕಾಲು ಸೋತವರ ಮೈಗೆ ನಡಿಗೆಯ ಲಯ ಕುದುರೆಯ ಬೆನ್ನಿನಿಂದ ದಾಟಿ ಬರುತ್ತದೆ. 1996ರಲ್ಲಿ ಸವಾರಿ ಪ್ಯಾರಾಲಿಂಪಿಕ್ಸ್ ಸೇರಿತು.

ನಮ್ಮಲ್ಲೂ ಕುದುರೆ ಬಹುಕಾಲ ಸೈನ್ಯದ ಸೊತ್ತೇ. 1982ರ ದೆಹಲಿ ಏಷ್ಯಾಡ್‌ನಲ್ಲಿ ಸವಾರಿಗೆ ಚಿನ್ನ ಗೆದ್ದ ರಘುಬೀರ್ ಸಿಂಗ್ ಸೈನಿಕರು. ಆಮೇಲೆ ಏಷ್ಯಾಡ್‌ನ ಈ ಕ್ರೀಡೆಯಲ್ಲಿ ಭಾರತಕ್ಕೆ ವೈಯಕ್ತಿಕ ಪದಕ ಸಿಗಲು 2018ರವರೆಗೆ ಕಾಯಬೇಕಾಯಿತು. ಜಕಾರ್ತದಲ್ಲಿ ಬೆಳ್ಳಿ ತಂದವರು ಬೆಂಗಳೂರಿನ ಫವಾದ್ ಮಿರ್ಜಾ, ಕುದುರೆ ವೈದ್ಯರೊಬ್ಬರ ಮಗ. ಸಮವಸ್ತ್ರದ ಹಂಗಿಲ್ಲದೆ, ಎಳವೆಯ ಆಸೆಯೊಂದರಿಂದಲೇ ಜೀನು ಏರಿದವರು.

ಬೆಂಗಳೂರಿನ ಆಸುಪಾಸಿನ ಸವಾರಿ ಶಾಲೆಗಳಿಗೆ ಬರುವ ಮಕ್ಕಳನ್ನು ನೋಡಬೇಕು. ಮೊದಲ ದಿನ ಅಷ್ಟೆತ್ತರ ಕೂತ ಮಗು ಹೆದರಿ ಲಗಾಮನ್ನೇ ಬಿಗಿ ಹಿಡಿಯುತ್ತದೆ. ಕುದುರೆ ಕತ್ತು ಕೊಸರುತ್ತದೆ. ‘ಕೈ ಸಡಿಲ ಬಿಡು ಪುಟ್ಟಾ, ಅದಕ್ಕೆ ನೋಯುತ್ತೆ’ ಎನ್ನುತ್ತಾರೆ ಪಕ್ಕದಲ್ಲಿ ನಡೆಯುವವರು. ಮಗು ಬೆರಳು ಸಡಿಲಿಸುತ್ತದೆ. ಕುದುರೆ ಒಮ್ಮೆ ಉಸಿರು ಬಿಟ್ಟು, ಕತ್ತು ಚಾಚಿ, ಹೆಜ್ಜೆ ಹಾಕತೊಡಗುತ್ತದೆ.