ಕಾಗದದ ಗೆರೆ ಗೋಡೆಯಾಗುವ ತನಕ

ವೈದ್ಯವಿದ್ಯಾರ್ಥಿಗೆ ಆಸ್ಪತ್ರೆಯುಂಟು, ರಸಾಯನಶಾಸ್ತ್ರವನ್ನು ಕಲಿಯುವವನಿಗೆ ಪ್ರಯೋಗಶಾಲೆಯುಂಟು, ಕೃಷಿಯನ್ನು ಕಲಿಯುವವನಿಗೆ ಹೊಲವುಂಟು. ಆದರೆ ವಾಸ್ತುಶಿಲ್ಪದ ವಿದ್ಯಾರ್ಥಿ ತನ್ನ ಪ್ರಯೋಗಗಳನ್ನು ಎಲ್ಲಿ ನಡೆಸಬೇಕು? ಕಲಿಕೆಗೆಂದು ಒಂದು ಶಾಲೆಯನ್ನು ಕಟ್ಟಿ, ತಪ್ಪಾಯಿತೆಂದು ಕೆಡವಿ, ಮತ್ತೆ ಕಟ್ಟಿಸುವಷ್ಟು ಸಿರಿವಂತ ದೇಶ ಯಾವುದೂ ಇಲ್ಲ. ಆದುದರಿಂದ ಅವನು ಕಾಗದದ ಮೇಲೆ ಕಟ್ಟುತ್ತಾನೆ, ಕಾಗದದ ಮೇಲೆಯೇ ಕೆಡವುತ್ತಾನೆ. ಕಾಗದದ ತಪ್ಪನ್ನು ಅಳಿಸಲು ರಬ್ಬರಿನ ಒಂದು ತುಂಡು ಸಾಕು. ಅದೇ ತಪ್ಪು ಕಾಂಕ್ರೀಟಿನಲ್ಲಿ ನಿಂತಿತೆಂದರೆ ಅದರೊಡನೆ ಜನರು ಐವತ್ತು ವರ್ಷ ಬಾಳಬೇಕಾಗುತ್ತದೆ. ಈ ಎರಡರ ನಡುವಣ ದಾರಿಯನ್ನು ವಿದ್ಯಾರ್ಥಿ ಹೇಗೆ ಕ್ರಮಿಸುತ್ತಾನೆಂಬುದನ್ನು ಇಲ್ಲಿ ನೋಡೋಣ.

ವಿನ್ಯಾಸದ ಪಾಠ

ನಮ್ಮ ದೇಶದಲ್ಲಿ ವಾಸ್ತುಶಿಲ್ಪದ ಪದವಿ ಐದು ವರ್ಷಗಳ ವ್ಯಾಸಂಗ. ಗಣಿತ, ಕಟ್ಟಡ ಸಾಮಗ್ರಿಗಳು, ರಚನೆಗಳ ಬಲಾಬಲ, ವಾಸ್ತುಶಿಲ್ಪದ ಚರಿತ್ರೆ ಮೊದಲಾದ ವಿಷಯಗಳೆಲ್ಲವೂ ಅದರಲ್ಲಿವೆ. ಆದರೆ ಈ ಶಿಕ್ಷಣದ ಬೆನ್ನೆಲುಬು ವಿನ್ಯಾಸದ ಅಭ್ಯಾಸವೇ. ಅಧ್ಯಾಪಕರು ಒಂದು ಸಮಸ್ಯೆಯನ್ನು ಕೊಡುತ್ತಾರೆ. ಒಂದು ಹಳ್ಳಿಗೆ ಎರಡು ಅಂತಸ್ತಿನ ವಾಚನಾಲಯ ಬೇಕಾಗಿದೆ, ನಿವೇಶನ ಇಷ್ಟು, ಓದುಗರು ಇಷ್ಟು ಮಂದಿ, ಗಾಳಿ ಬೀಸುವ ದಿಕ್ಕು ಇಂಥದು ಎಂದಿಟ್ಟುಕೊಳ್ಳೋಣ. ವಿದ್ಯಾರ್ಥಿ ಅದಕ್ಕೆ ಉತ್ತರವನ್ನು ಮಾತಿನಲ್ಲಿ ಬರೆಯುವುದಿಲ್ಲ; ನಕ್ಷೆಗಳಲ್ಲಿ ಬರೆಯುತ್ತಾನೆ.

ಈ ನಕ್ಷೆಗಳು ಮುಖ್ಯವಾಗಿ ಮೂರು ಬಗೆಯವು. ಕಟ್ಟಡವನ್ನು ಕಿಟಕಿಯ ಮಟ್ಟದಲ್ಲಿ ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದರೆ ಕಾಣುವುದು ನೆಲನಕ್ಷೆ. ಹೊರಗೆ ನಿಂತು ಒಂದು ಗೋಡೆಯನ್ನು ನೇರವಾಗಿ ನೋಡಿದರೆ ಕಾಣುವುದು ಮುಖನಕ್ಷೆ. ಹಲಸಿನ ಹಣ್ಣನ್ನು ಸೀಳುವಂತೆ ಕಟ್ಟಡವನ್ನು ಸೂರಿನಿಂದ ತಳಪಾಯದವರೆಗೆ ಸೀಳಿ ಒಳಗನ್ನು ತೋರಿಸುವುದು ಛೇದನಕ್ಷೆ. ಹೊಸಬರಿಗೆ ಮುಖನಕ್ಷೆಯ ಮೇಲೆ ಮೋಹ ಹೆಚ್ಚು. ಆದರೆ ಅನುಭವಿಗಳ ಕಣ್ಣು ಮೊದಲು ಹೋಗುವುದು ಛೇದನಕ್ಷೆಯ ಕಡೆಗೆ. ಬೆಳಕು ಎಲ್ಲಿಂದ ಬರುತ್ತದೆ, ಬಿಸಿಗಾಳಿ ಎಲ್ಲಿಂದ ಹೊರಹೋಗುತ್ತದೆ, ಭಾರ ಯಾವ ಹಾದಿಯಿಂದ ನೆಲಕ್ಕಿಳಿಯುತ್ತದೆ ಎಂಬುದೆಲ್ಲ ಬಯಲಾಗುವುದು ಅಲ್ಲಿಯೇ.

ಕಡೆಗೆ ವಿದ್ಯಾರ್ಥಿ ತನ್ನ ನಕ್ಷೆಗಳನ್ನು ಗೋಡೆಗೆ ತೂಗುಹಾಕಿ, ರಟ್ಟಿನ ಮಾದರಿಯೊಡನೆ ಪರೀಕ್ಷಕರ ಮುಂದೆ ನಿಲ್ಲುತ್ತಾನೆ. ಈ ವಿಮರ್ಶೆ ಕೆಲವೊಮ್ಮೆ ಕಠೋರವಾಗಿರುತ್ತದೆ. ಹಲವು ರಾತ್ರಿಗಳ ದುಡಿಮೆ ಒಂದೇ ಪ್ರಶ್ನೆಗೆ ಕುಸಿದುಬೀಳುವುದುಂಟು. ಅಂಥ ಒಂದು ಪ್ರಶ್ನೆಯನ್ನು ಪರಿಶೀಲಿಸೋಣ.

ಮೆಟ್ಟಿಲು ಕಲಿಸುವ ಲೆಕ್ಕ

ನಮ್ಮ ವಾಚನಾಲಯದ ನಕ್ಷೆಯಲ್ಲಿ ವಿದ್ಯಾರ್ಥಿ ಮೆಟ್ಟಿಲಸಾಲಿಗೆಂದು ೩ ಮೀಟರು ಉದ್ದದ ಜಾಗವನ್ನು ಬಿಟ್ಟಿದ್ದಾನೆನ್ನಿ. ನೋಟಕ್ಕೆ ಅದು ಸಾಕೆಂದೇ ತೋರುತ್ತದೆ. ಈಗ ಲೆಕ್ಕ ಹಾಕೋಣ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ ೩ ಮೀಟರು ಎತ್ತರ. ಮುದುಕರೂ ಮಕ್ಕಳೂ ಆಯಾಸವಿಲ್ಲದೆ ಹತ್ತಬೇಕಾದರೆ ಒಂದೊಂದು ಮೆಟ್ಟಿಲು ೧೫ ಸೆಂಟಿಮೀಟರಿಗಿಂತ ಬಹಳ ಎತ್ತರವಾಗಿರಬಾರದು. ಅಂದರೆ ೨೦ ಏರುಗಳು ಬೇಕು. ಕಡೆಯ ಏರು ಮೇಲಿನ ನೆಲಕ್ಕೇ ಮುಟ್ಟುವುದರಿಂದ ಕಾಲಿಡುವ ಹಾಸುಗಳು ೧೯. ಪ್ರತಿ ಹಾಸಿನ ಅಗಲ ೩೦ ಸೆಂಟಿಮೀಟರಾದರೆ ಒಟ್ಟು ಉದ್ದ ೫ ಮೀಟರು ೭೦ ಸೆಂಟಿಮೀಟರು! ಬಿಟ್ಟ ಜಾಗ ಸುಮಾರು ಅರ್ಧದಷ್ಟೇ ಆಯಿತು. ಮೆಟ್ಟಿಲನ್ನು ನಡುವೆ ಮಡಿಸಿ, ತಿರುವಿನಲ್ಲಿ ೧ ಮೀಟರು ೨೦ ಸೆಂಟಿಮೀಟರಿನ ಜಗಲಿಯನ್ನಿಟ್ಟರೂ ೩ ಮೀಟರು ೯೦ ಸೆಂಟಿಮೀಟರು ಉದ್ದ ಬೇಕು, ಅಗಲವೂ ಇಮ್ಮಡಿಯಾಗಬೇಕು.

ಈ ೧೫ ಮತ್ತು ೩೦ ಎಂಬ ಅಂಕೆಗಳು ಎಲ್ಲಿಂದ ಬಂದುವು? ೧೭ನೆಯ ಶತಮಾನದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಬ್ಲಾಂಡೆಲ್ ಒಂದು ಸೂತ್ರವನ್ನು ಕೊಟ್ಟನು. ಮೆಟ್ಟಿಲಿನ ಎತ್ತರದ ಇಮ್ಮಡಿಗೆ ಅದರ ಹಾಸಿನ ಅಗಲವನ್ನು ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯ ಅಳತೆ ಬರಬೇಕೆಂಬುದೇ ಆ ಸೂತ್ರ. ಇಂದಿಗೂ ಈ ಮೊತ್ತವನ್ನು ಸುಮಾರು ೬೦ರಿಂದ ೬೪ ಸೆಂಟಿಮೀಟರು ಎಂದು ಇಟ್ಟುಕೊಳ್ಳುವುದು ರೂಢಿ. ಮೇಲಕ್ಕೆ ಎತ್ತುವ ಹೆಜ್ಜೆ ಮುಂದಕ್ಕೆ ಇಡುವ ಹೆಜ್ಜೆಗಿಂತ ಹೆಚ್ಚಿನ ಶ್ರಮದ್ದಾದುದರಿಂದ ಎತ್ತರವನ್ನು ಎರಡು ಸಲ ಎಣಿಸುತ್ತೇವೆ. ಹೀಗೆ ಒಂದು ಮೆಟ್ಟಿಲ ಹಿಂದೆ ಮನುಷ್ಯನ ಮೊಣಕಾಲೇ ಅಳತೆಗೋಲಾಗಿ ನಿಂತಿದೆ. ವಿನ್ಯಾಸದ ಅಭ್ಯಾಸ ಕಲಿಸಬೇಕಾದ ಮೊದಲ ಪಾಠ ಇದು: ಗೆರೆ ಕಾಗದದ್ದಲ್ಲ, ಅದರ ಮೇಲೆ ನಡೆಯುವವನದು.

ಪ್ಯಾರಿಸಿನಲ್ಲಿ ಒಬ್ಬ ಉಮೇದುವಾರ

ಕಾಲೇಜು ಇಷ್ಟನ್ನು ಕಲಿಸಬಲ್ಲುದು. ಉಳಿದುದನ್ನು ಕೆಲಸವೇ ಕಲಿಸಬೇಕು. ಅದಕ್ಕಾಗಿಯೇ ಇಂದಿನ ವಿದ್ಯಾರ್ಥಿಗಳು ಪದವಿಗೆ ಮುನ್ನ ಒಂದು ಅವಧಿಯನ್ನು ವಾಸ್ತುಶಿಲ್ಪಿಯೊಬ್ಬರ ಕಛೇರಿಯಲ್ಲಿ ಕಳೆಯಬೇಕಾಗುತ್ತದೆ. ಈ ಎರಡನೆಯ ಶಾಲೆಯ ಮಹತ್ವವನ್ನು ತಿಳಿಯಲು ಬಾಲಕೃಷ್ಣ ದೋಶಿಯವರ ಆರಂಭದ ವರ್ಷಗಳಿಗಿಂತ ಒಳ್ಳೆಯ ನಿದರ್ಶನ ದೊರಕುವುದು ಕಷ್ಟ.

ದೋಶಿಯವರು ೧೯೨೭ರಲ್ಲಿ ಪುಣೆಯಲ್ಲಿ ಜನಿಸಿದರು. ಮನೆತನದ ವೃತ್ತಿ ಮರದ ಪೀಠೋಪಕರಣಗಳದು. ೧೯೪೭ರಲ್ಲಿ, ದೇಶ ಸ್ವತಂತ್ರವಾದ ವರ್ಷದಲ್ಲಿ, ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ವಾಸ್ತುಶಿಲ್ಪದ ವ್ಯಾಸಂಗಕ್ಕೆ ಸೇರಿದರು. ಅಲ್ಲಿಂದ ಲಂಡನ್ನಿಗೆ ತೆರಳಿದರು. ೧೯೫೧ರಲ್ಲಿ ಇಂಗ್ಲೆಂಡಿನ ಹಾಡ್ಸ್‌ಡನ್ ಎಂಬಲ್ಲಿ ಆಧುನಿಕ ವಾಸ್ತುಶಿಲ್ಪಿಗಳ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತ್ತು. ಲ ಕಾರ್ಬೂಸಿಯೇ ಎಂಬ ವಿಖ್ಯಾತ ವಾಸ್ತುಶಿಲ್ಪಿ ಆಗತಾನೆ ಪಂಜಾಬಿನ ಹೊಸ ರಾಜಧಾನಿಯಾದ ಚಂಡೀಗಢದ ನಿರ್ಮಾಣವನ್ನು ವಹಿಸಿಕೊಂಡಿದ್ದರು. ಸಮ್ಮೇಳನಕ್ಕೆ ಹೋಗಿದ್ದ ದೋಶಿಯವರಿಗೆ ಅವರ ಪ್ಯಾರಿಸಿನ ಕಛೇರಿಯ ಬಾಗಿಲು ತೆರೆಯಿತು. ಆದರೆ ಒಂದು ಷರತ್ತಿನ ಮೇಲೆ: ಮೊದಲ ಎಂಟು ತಿಂಗಳು ಸಂಬಳವಿಲ್ಲ. ತರುಣನಿಗೆ ಫ್ರೆಂಚ್ ಭಾಷೆಯೂ ಬಾರದು.

ಹಳೆಯ ಕ್ರೈಸ್ತಮಠವೊಂದರ ಉದ್ದನೆಯ, ಇಕ್ಕಟ್ಟಾದ ಪಡಸಾಲೆಯೇ ಆ ಕಛೇರಿ. ಭಾಷೆ ಬಾರದವನಿಗೆ ಅಲ್ಲಿ ನಕ್ಷೆಯೇ ಭಾಷೆಯಾಯಿತು. ಸಂಬಳವಿಲ್ಲದ ದುಡಿಮೆಯನ್ನು ನಾವು ಆದರ್ಶವೆಂದು ಹೊಗಳಲಾರೆವು. ಅರೆಹೊಟ್ಟೆಯನ್ನು ಸಹಿಸಬಲ್ಲವರಿಗೆ ಮಾತ್ರ ತೆರೆಯುವ ಬಾಗಿಲಿನ ಹೊರಗೆ ಎಷ್ಟು ಮಂದಿ ಪ್ರತಿಭಾವಂತರು ಉಳಿದುಹೋದರೋ ಲೆಕ್ಕವಿಟ್ಟವರಿಲ್ಲ. ಆದರೆ ಅಲ್ಲಿ ಕಲಿತ ವಿದ್ಯೆ ಎಂಥದೆಂಬುದನ್ನು ಅರಿಯುವುದು ಅಗತ್ಯ.

ಕಾರ್ಬೂಸಿಯೇ ‘ಮಾಡ್ಯುಲರ್’ ಎಂಬ ಅಳತೆಗಳ ಪದ್ಧತಿಯೊಂದನ್ನು ರಚಿಸಿದ್ದರು. ೧೮೩ ಸೆಂಟಿಮೀಟರು ಎತ್ತರದ ಮನುಷ್ಯ, ೧೧೩ರಲ್ಲಿ ಅವನ ಹೊಕ್ಕುಳು, ೨೨೬ರಲ್ಲಿ ಅವನ ಎತ್ತಿದ ಕೈಯ ತುದಿ. ಕೋಣೆಯ ಎತ್ತರ, ಕಟ್ಟೆಯ ಮಟ್ಟ, ಕಿಟಕಿಯ ಅಗಲ ಎಲ್ಲವೂ ಈ ಅಂಕೆಗಳಿಂದ ಹುಟ್ಟಬೇಕೆಂಬುದು ಅವರ ಆಶಯ. ಮೆಟ್ಟಿಲಿನ ಸೂತ್ರವೇ ಇಲ್ಲಿ ಇಡೀ ಕಟ್ಟಡಕ್ಕೆ ವ್ಯಾಪಿಸಿದೆಯೆನ್ನಬಹುದು. ಆದರೆ ನಮ್ಮ ನಾಡಿನ ಬಹುಮಂದಿ ೧೮೩ ಸೆಂಟಿಮೀಟರು ಎತ್ತರದವರಲ್ಲ. ಆ ಮನುಷ್ಯನ ಕೈಗೆ ಎಟಕುವ ಕಪಾಟು ನಮ್ಮ ತಾಯಂದಿರಿಗೆ ಎಟಕದು. ಗುರುವಿನಿಂದ ವಿಧಾನವನ್ನು ಕಲಿಯಬೇಕು, ಅಂಕೆಯನ್ನು ತನ್ನ ಜನರಿಂದ ಪಡೆಯಬೇಕು ಎಂಬ ಪಾಠ ಇದರಲ್ಲಿ ಅಡಗಿದೆ.

ಎರಡು ಊರುಗಳ ಸೂರ್ಯ

ಪ್ಯಾರಿಸಿನಲ್ಲಿ ಕುಳಿತು ದೋಶಿಯವರು ನಕ್ಷೆ ಬರೆದುದು ಚಂಡೀಗಢಕ್ಕೆ ಮತ್ತು ಅಹಮದಾಬಾದಿಗೆ. ಇಲ್ಲಿ ಭೂಗೋಳವೇ ಪರೀಕ್ಷಕನಾಗುತ್ತದೆ. ಪ್ಯಾರಿಸಿನ ಅಕ್ಷಾಂಶ ಸುಮಾರು ೪೯, ಅಹಮದಾಬಾದಿನದು ೨೩. ಡಿಸೆಂಬರ್ ೨೧ರ ನಡುಹಗಲಿನಲ್ಲಿ ಪ್ಯಾರಿಸಿನ ಸೂರ್ಯ ದಿಗಂತದಿಂದ ಹದಿನೇಳೂವರೆ ಅಂಶ ಮಾತ್ರ ಮೇಲಿರುತ್ತಾನೆ. ಅಹಮದಾಬಾದಿನಲ್ಲಿ ನಲವತ್ತಮೂರೂವರೆ ಅಂಶ. ಜೂನ್ ೨೧ರಂದು ಪ್ಯಾರಿಸಿನಲ್ಲಿ ಅವನು ಅರವತ್ತನಾಲ್ಕೂವರೆ ಅಂಶಕ್ಕೆ ಏರಿದರೆ ಅಹಮದಾಬಾದಿನಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ.

ಈಗ ದಕ್ಷಿಣದ ಗೋಡೆಯಿಂದ ೧ ಮೀಟರು ಮುಂದೆ ಚಾಚಿದ ಸಜ್ಜವೊಂದನ್ನು ಊಹಿಸಿರಿ. ಚಳಿಗಾಲದ ನಡುಹಗಲಿನಲ್ಲಿ ಅದರ ನೆರಳು ಪ್ಯಾರಿಸಿನ ಗೋಡೆಯ ಮೇಲೆ ೩೨ ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಅಹಮದಾಬಾದಿನಲ್ಲಿ ೯೫ ಸೆಂಟಿಮೀಟರು ಇಳಿಯುತ್ತದೆ. ಮಾರ್ಚ್ ೨೧ರ ವೇಳೆಗೆ ಅಹಮದಾಬಾದಿನ ನೆರಳು ೨ ಮೀಟರನ್ನೂ ಮೀರುತ್ತದೆ. ಬೇಸಗೆಯಲ್ಲಂತೂ ಇಡೀ ಗೋಡೆಯೇ ತಂಪು. ಒಂದೇ ಸಜ್ಜ ಒಂದೂರಿನಲ್ಲಿ ಒಂದು ಬಗೆ, ಇನ್ನೊಂದೂರಿನಲ್ಲಿ ಇನ್ನೊಂದು ಬಗೆ!

ಪಶ್ಚಿಮದ ಗೋಡೆಯ ಕಥೆಯೇ ಬೇರೆ. ಸಂಜೆಯ ಸೂರ್ಯ ತಗ್ಗಿನಲ್ಲಿರುವುದರಿಂದ ಬಿಸಿಲು ಸಜ್ಜದ ಕೆಳಗಿನಿಂದ ನುಸುಳಿ ಬರುತ್ತದೆ. ಗೋಡೆಗೆ ನೇರ ಎದುರಿನಲ್ಲಿ, ದಿಗಂತದಿಂದ ೧೦ ಅಂಶ ಮೇಲಿರುವ ಸೂರ್ಯನೆದುರು ೧ ಮೀಟರಿನ ಸಜ್ಜ ಕೊಡುವ ನೆರಳು ೧೮ ಸೆಂಟಿಮೀಟರು ಮಾತ್ರ. ಇದಕ್ಕೆ ಪರಿಹಾರವೇನು? ಅಹಮದಾಬಾದಿನ ಗಿರಣಿ ಮಾಲೀಕರ ಸಂಘದ ಕಟ್ಟಡವನ್ನು ನೋಡಿದರೆ ಉತ್ತರ ದೊರೆಯುತ್ತದೆ. ಕಾರ್ಬೂಸಿಯೇ ರಚಿಸಿದ ಈ ಕಟ್ಟಡ ೧೯೫೪ರಲ್ಲಿ ಪೂರ್ಣಗೊಂಡಿತು. ಅದರ ಪಶ್ಚಿಮದ ಮುಖದಲ್ಲಿ ಕಾಂಕ್ರೀಟಿನ ಹಲಗೆಗಳನ್ನು ಲಂಬವಾಗಿ ಸಾಲುಗಟ್ಟಿ, ಓರೆಯಾಗಿ ತಿರುಗಿಸಿ ನಿಲ್ಲಿಸಿದ್ದಾರೆ. ನೇರವಾಗಿ ಬರುವ ಬಿಸಿಲು ಅವುಗಳಿಗೆ ಬಡಿದು ನಿಲ್ಲುತ್ತದೆ. ಗಾಳಿ ಮಾತ್ರ ಒಳಬರುತ್ತದೆ. ಸಾಬರಮತಿ ನದಿಯ ಕಡೆಗಿರುವ ಪೂರ್ವದ ಮುಖದಲ್ಲಿ ಹಲಗೆಗಳು ಓರೆಯಾಗಿಲ್ಲ. ನದಿಯ ನೋಟಕ್ಕೂ ಗಾಳಿಗೂ ಅವು ನೇರವಾಗಿ ತೆರೆದುಕೊಂಡಿವೆ. ಹೊರಗಿನವರು ಅಲಂಕಾರವೆಂದು ಭಾವಿಸುವುದು ನಿಜವಾಗಿ ತ್ರಿಕೋಣಮಿತಿಯ ಒಂದು ಲೆಕ್ಕ.

ಕಟ್ಟಡದ ಬಯಲಿನಲ್ಲಿ

೧೯೫೪ರಲ್ಲಿ ದೋಶಿಯವರು ಗುರುವಿನ ಅಹಮದಾಬಾದಿನ ಕಟ್ಟಡಗಳ ಮೇಲ್ವಿಚಾರಣೆಗೆಂದು ಭಾರತಕ್ಕೆ ಮರಳಿದರು. ಗುರು ಸಾವಿರಾರು ಮೈಲಿ ದೂರದಲ್ಲಿ. ಎದುರಿಗೆ ಮರಳು, ಸಿಮೆಂಟು, ಕಬ್ಬಿಣದ ಸರಳು, ಮೇಸ್ತ್ರಿಗಳು.

ನಕ್ಷೆಯಲ್ಲಿ ಕಾಂಕ್ರೀಟು ಒಂದು ಗೆರೆ. ಬಯಲಿನಲ್ಲಿ ಅದಕ್ಕೆ ಮೊದಲು ಮರದ ಅಚ್ಚು ಬೇಕು. ಹಲಗೆಯ ಪ್ರತಿಯೊಂದು ಗಂಟೂ ಬಿರುಕೂ ಕಾಂಕ್ರೀಟಿನ ಮೈಮೇಲೆ ಮೂಡಿ ಶಾಶ್ವತವಾಗಿ ಉಳಿಯುತ್ತದೆ. ಸಿಮೆಂಟು ಗಟ್ಟಿಯಾಗುವುದು ಒಣಗುವುದರಿಂದಲ್ಲ, ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ. ಉರಿಬಿಸಿಲಿನ ಊರಿನಲ್ಲಿ ನೀರು ಬೇಗ ಆವಿಯಾಗುವುದರಿಂದ ದಿನಗಟ್ಟಲೆ ನೀರುಣಿಸದಿದ್ದರೆ ಕಾಂಕ್ರೀಟು ಬಲಗೆಡುತ್ತದೆ, ಬಿರುಕುಬಿಡುತ್ತದೆ. ಅದರ ಬಲವನ್ನು ೨೮ನೆಯ ದಿನ ಪರೀಕ್ಷಿಸುವುದು ವಾಡಿಕೆ. ಇವನ್ನೆಲ್ಲ ವಿದ್ಯಾರ್ಥಿ ಪುಸ್ತಕದಲ್ಲಿ ಓದಿರುತ್ತಾನೆ, ಪರೀಕ್ಷೆಯಲ್ಲಿ ಬರೆದೂ ಇರುತ್ತಾನೆ. ಆದರೆ ತಾನು ಎಳೆದ ಗೆರೆಯನ್ನು ಹೊತ್ತು ಏಣಿ ಹತ್ತುವ ಕೆಲಸಗಾರನನ್ನು ಕಂಡ ಮೇಲೆ ಅವನು ಗೆರೆ ಎಳೆಯುವ ರೀತಿಯೇ ಬದಲಾಗುತ್ತದೆ.

ಕಲಿತವನು ಕಲಿಸಿದುದು

ಈ ಅನುಭವದಿಂದ ಬಂದ ಫಲವನ್ನು ಬಲ್ಲೆವು. ೧೯೫೬ರಲ್ಲಿ ದೋಶಿಯವರು ಸ್ವಂತ ಕಛೇರಿಯನ್ನು ತೆರೆದರು. ೧೯೬೨ರಲ್ಲಿ ಅಹಮದಾಬಾದಿನಲ್ಲಿ ಅವರು ಸ್ಥಾಪಿಸಿದ ವಾಸ್ತುಶಿಲ್ಪ ಶಾಲೆ ಇಂದು ಸೆಪ್ಟ್ ವಿಶ್ವವಿದ್ಯಾನಿಲಯವಾಗಿ ಬೆಳೆದಿದೆ. ೨೦೧೮ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರು ಅವರೇ. ೨೦೨೩ರಲ್ಲಿ ಅವರು ನಿಧನರಾದರು.

ಅವರ ಕೃತಿಯೊಂದು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಬನ್ನೇರುಘಟ್ಟ ರಸ್ತೆಯ ಭಾರತೀಯ ವ್ಯವಸ್ಥಾಪನ ಸಂಸ್ಥೆಯ ಕಟ್ಟಡಗಳವು. ೧೯೭೭ರಲ್ಲಿ ಆರಂಭವಾದ ಈ ಕಾರ್ಯ ಹದಿನೈದು ವರ್ಷ ಹಂತಹಂತವಾಗಿ ನಡೆಯಿತು. ಇಲ್ಲಿ ಅಹಮದಾಬಾದಿನ ಓರೆ ಹಲಗೆಗಳಿಲ್ಲ. ನಮ್ಮ ಅಕ್ಷಾಂಶ ೧೩. ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯ ನೆತ್ತಿಯನ್ನು ದಾಟಿ ಹತ್ತೂವರೆ ಅಂಶ ಉತ್ತರಕ್ಕೆ ಸರಿದು ನಮ್ಮ ಉತ್ತರದ ಗೋಡೆಯನ್ನೇ ಇಣುಕಿನೋಡುತ್ತಾನೆ. ಆದರೆ ಎತ್ತರದ ನಾಡಿನ ಹವೆ ಹಿತವಾದುದು. ಹೊರಗೆ ನಡೆಯುವುದೇ ಸುಖ. ಆದುದರಿಂದ ದೋಶಿಯವರು ಇಲ್ಲಿಯ ಕಲ್ಲಿನ ಗೋಡೆಗಳ ನಡುವೆ ಉದ್ದುದ್ದ ಮೊಗಸಾಲೆಗಳನ್ನು ಹಾಯಿಸಿದರು. ಅವು ಕೆಲವೆಡೆ ಆಕಾಶಕ್ಕೆ ತೆರೆದಿವೆ. ಕೆಲವೆಡೆ ಬಳ್ಳಿಯ ಚಪ್ಪರದಂತಹ ತೊಲೆಗಳ ನೆರಳನ್ನು ಹೊದ್ದಿವೆ. ಗುರುವಿನ ಉತ್ತರವನ್ನು ನಕಲು ಮಾಡದೆ, ಗುರುವು ಕೇಳುತ್ತಿದ್ದ ಪ್ರಶ್ನೆಯನ್ನೇ ಅವರು ಹೊಸ ಊರಿನಲ್ಲಿ ಮತ್ತೆ ಕೇಳಿದರು.

ವಾಸ್ತುಶಿಲ್ಪವನ್ನು ಅಭ್ಯಸಿಸಲು ಬಯಸುವ ತರುಣ ತರುಣಿಯರು ಕಾಲೇಜಿನ ಬಾಗಿಲು ತೆರೆಯುವ ತನಕ ಕಾಯಬೇಕಾಗಿಲ್ಲ. ನಿಮ್ಮ ಶಾಲೆಯ ಮೆಟ್ಟಿಲನ್ನು ಅಳೆಯಿರಿ. ಎತ್ತರದ ಇಮ್ಮಡಿಗೆ ಅಗಲವನ್ನು ಕೂಡಿಸಿ ನೋಡಿರಿ. ಕಿಟಕಿಯ ಸಜ್ಜದ ನೆರಳನ್ನು ತಿಂಗಳಿಗೊಮ್ಮೆ ನಡುಹಗಲಿನಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಿರಿ. ಮನೆಯ ಕಪಾಟಿನ ಮೇಲಿನ ಹಲಗೆ ಅಜ್ಜಿಯ ಕೈಗೆ ಎಟಕುವುದೇ ಎಂದು ಕೇಳಿರಿ. ಎಟಕದಿದ್ದರೆ, ಎಂದೋ ಒಬ್ಬನು ಅವರನ್ನು ನೆನೆಯದೆ ಒಂದು ಗೆರೆ ಎಳೆದನೆಂದೇ ಅರ್ಥ.